ಮಹಾವೀರಾಚಾರ್ಯರ ಕುಟ್ಟೀಕಾರ

ಸುರಪುರ ಸೀಮೆಯ ದೇವಾಪುರದಿಂದ ಭೀಮಾನದಿಯನ್ನು ದಾಟಿ ಈಶಾನ್ಯ ದಿಕ್ಕಿಗೆ ಹೋದರೆ, ಕಾಗಿಣಾ ನದಿಯ ದಡದಲ್ಲಿ ಮಳಖೇಡವೆಂಬ ಗ್ರಾಮವು ಸಿಕ್ಕುತ್ತದೆ. ಮುರಿದ ಕೋಟೆಯ ಈ ಊರೇ ಪೂರ್ವದಲ್ಲಿ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವಾಗಿದ್ದಿತು. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು (ಕ್ರಿ. ಶ. ೮೧೪–೮೭೮) ಕವಿರಾಜಮಾರ್ಗದ ದೆಸೆಯಿಂದ ಕನ್ನಡಿಗರೆಲ್ಲರೂ ಬಲ್ಲರು. ಆದರೆ ಅದೇ ಅರಸನ ಕಾಲದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯರನ್ನು ಬಲ್ಲವರೆಷ್ಟು ಜನ? ಬಲ್ಲವರಲ್ಲಿಯೂ ಅವರ ಲೆಕ್ಕವೊಂದನ್ನು ಕೈಯಾರೆ ಮಾಡಿ ನೋಡಿದವರೆಷ್ಟು ಜನ?

ಆಚಾರ್ಯರು ಜೈನಮತಾವಲಂಬಿಗಳು. ಕ್ರಿ. ಶ. ೮೫೦ರ ಸುಮಾರಿಗೆ ಸಂಸ್ಕೃತ ಪದ್ಯಗಳಲ್ಲಿ ಈ ಗ್ರಂಥವನ್ನು ಬರೆದರು. ಆರಂಭದಲ್ಲಿ ಜಿನನಿಗೆ ವಂದಿಸಿದರು, ನೃಪತುಂಗನನ್ನು ಕೊಂಡಾಡಿದರು, ತಮ್ಮ ತಾಯಿತಂದೆಗಳ ಅಥವಾ ಹುಟ್ಟೂರಿನ ಮಾತನ್ನೆತ್ತದೆ ಶಾಸ್ತ್ರಕ್ಕೆ ಇಳಿದರು. ಪೂರ್ವಾಚಾರ್ಯರ ಜ್ಞಾನಸಾಗರದಿಂದ ತಾವು ಸಾರವನ್ನು ಮಾತ್ರ ಆಯ್ದುಕೊಂಡೆವೆಂದು ವಿನಯದಿಂದ ತಿಳಿಸಿದರು. ಆದುದರಿಂದ ಗ್ರಂಥವೇ ಅವರ ಚರಿತ್ರೆ. ಅವರಿಗಿಂತ ಮುಂಚೆ ಆರ್ಯಭಟನೂ (೪೯೯) ಬ್ರಹ್ಮಗುಪ್ತನೂ (೬೨೮) ಗಣಿತವನ್ನು ಜ್ಯೋತಿಃಶಾಸ್ತ್ರದ ಗ್ರಂಥಗಳೊಳಗಿನ ಅಧ್ಯಾಯಗಳನ್ನಾಗಿ ಇರಿಸಿದ್ದರು. ಆಚಾರ್ಯರಾದರೋ ಗಣಿತಕ್ಕೇ ಮೀಸಲಾದ ಗ್ರಂಥವನ್ನು ರಚಿಸಿ, ವಾಸ್ತುಶಿಲ್ಪಕ್ಕೂ ವೈದ್ಯಕ್ಕೂ ಪಾಕಶಾಸ್ತ್ರಕ್ಕೂ ಗಣಿತವು ಬೇಕೇಬೇಕೆಂದು ಸಾರಿದರು.

ಅವರ ಮಿಶ್ರಕವ್ಯವಹಾರವೆಂಬ ಅಧ್ಯಾಯದಲ್ಲಿ ಕುಟ್ಟೀಕಾರವೆಂಬ ಪ್ರಕರಣವುಂಟು. ಧಾನ್ಯವನ್ನು ಒರಳಿನಲ್ಲಿ ಕುಟ್ಟಿ ಪುಡಿಮಾಡುವಂತೆ, ದೊಡ್ಡ ಸಂಖ್ಯೆಗಳನ್ನು ಭಾಗಿಸಿ ಭಾಗಿಸಿ ಸಣ್ಣದು ಮಾಡುವುದರಿಂದ ಈ ಹೆಸರು ಬಂದಿತು. ಮೂಲವಿಧಾನವು ಆರ್ಯಭಟನದು, ಅದನ್ನು ವಲ್ಲಿಕಾ, ವಿಷಮ, ಸಕಲ ಮುಂತಾದ ಭೇದಗಳಾಗಿ ವಿಸ್ತರಿಸಿ, ಬಾಳಿಗೆ ಹತ್ತಿರವಾದ ಉದಾಹರಣೆಗಳಿಂದ ತಿಳಿಯಪಡಿಸಿದ ಕೀರ್ತಿಯು ಆಚಾರ್ಯರದು.

ಒಂದು ಲೆಕ್ಕವನ್ನು ನೋಡೋಣ. ವನಪ್ರಾಂತದಲ್ಲಿ ಬಾಳೆಹಣ್ಣಿನ ೬೩ ರಾಶಿಗಳಿವೆ; ಎಲ್ಲ ರಾಶಿಗಳಲ್ಲಿಯೂ ಹಣ್ಣುಗಳು ಸಮಸಂಖ್ಯೆಯಲ್ಲಿವೆ. ಬಿಡಿಯಾಗಿ ಇನ್ನೂ ೭ ಹಣ್ಣುಗಳಿವೆ. ಇವೆಲ್ಲವನ್ನೂ ೨೩ ಮಂದಿ ದಾರಿಗರು ಒಂದೂ ಉಳಿಯದಂತೆ ಸಮನಾಗಿ ಹಂಚಿಕೊಂಡರು. ರಾಶಿಯೊಂದರಲ್ಲಿದ್ದ ಹಣ್ಣುಗಳೆಷ್ಟು? ಇಲ್ಲಿ ೬೩ನ್ನು ೨೩ರಿಂದ ಭಾಗಿಸಿದರೆ ಶೇಷ ೧೭. ೨೩ನ್ನು ೧೭ರಿಂದ ಭಾಗಿಸಿದರೆ ಶೇಷ ೬. ೧೭ನ್ನು ೬ರಿಂದ ಭಾಗಿಸಿದರೆ ೫. ೬ನ್ನು ೫ರಿಂದ ಭಾಗಿಸಿದರೆ ೧. ಈ ಭಾಗಲಬ್ಧಗಳನ್ನು ಒಂದರ ಕೆಳಗೊಂದರಂತೆ ಬರೆಯಲು ಬಳ್ಳಿಯಂತೆ ತೋರುವುದು, ವಲ್ಲಿಕೆಯೆಂದರೆ ಇದೇ. ಆ ಬಳ್ಳಿಯ ಬುಡದಿಂದ ಗುಣಿಸುತ್ತ, ಕೂಡಿಸುತ್ತ ಮೇಲಕ್ಕೇರಿದರೆ ಉತ್ತರವು ದೊರೆಯುವುದು. ರಾಶಿಗೆ ೫ ಹಣ್ಣು, ಒಟ್ಟು ೩೨೨, ಒಬ್ಬೊಬ್ಬನಿಗೆ ೧೪. ರಾಶಿಗೆ ೨೩ನ್ನು ಸೇರಿಸಿ ೨೮ ಹಣ್ಣೆಂದರೂ ಸರಿಹೋಗುವುದು. ಆಗ ಒಬ್ಬೊಬ್ಬನಿಗೆ ೭೭. ರಾಶಿಗಳು ೬೨, ದಾರಿಗರು ೨೪ ಆಗಿದ್ದಲ್ಲಿ ಮಾತ್ರ ಉತ್ತರವೇ ಇಲ್ಲ; ಏಕೆಂದರೆ ಹಣ್ಣುಗಳ ಮೊತ್ತವು ಬೆಸವಾಗಿ, ಪಾಲುಗಳ ಮೊತ್ತವು ಸಮವಾಗಬೇಕಾಗುವುದು.

ಆಚಾರ್ಯರು ಎಡವಿದ ಸ್ಥಳವನ್ನು ಮುಚ್ಚಿಡುವುದು ಗುರುಭಕ್ತಿಯಲ್ಲ. ಸೊನ್ನೆಯಿಂದ ಭಾಗಿಸಿದ ಸಂಖ್ಯೆಯು ಮಾರ್ಪಡುವುದಿಲ್ಲವೆಂದು ಅವರು ಬರೆದುದು ತಪ್ಪು. ಋಣಸಂಖ್ಯೆಯು ಸ್ವಭಾವತಃ ವರ್ಗವಲ್ಲವಾದುದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಕಂಡುಕೊಂಡವರೂ ಅವರೇ. ಒಪ್ಪನ್ನೂ ತಪ್ಪನ್ನೂ ಲೆಕ್ಕ ಮಾಡಿಯೇ ಅರಿಯಬೇಕಲ್ಲದೆ ಜಯಕಾರದಿಂದಲ್ಲ.

ಹನ್ನೊಂದನೆಯ ಶತಮಾನದಲ್ಲಿಯೇ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ೧೯೧೨ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು. ೨೦೦೦ದಲ್ಲಿ ಪ್ರೊಫೆಸರ್ ಪದ್ಮಾವತಮ್ಮನವರ ಕನ್ನಡ ಅನುವಾದವು ಹೊಂಬುಜದಿಂದ ಪ್ರಕಟವಾಯಿತು. ಪುಸ್ತಕವಿಲ್ಲವೆಂಬ ನೆಪಕ್ಕೆ ಈಗ ಎಡೆಯಿಲ್ಲ. ವಿದ್ಯೆಯು ಹಳತಾಯಿತೆಂಬ ನೆಪಕ್ಕೂ ಎಡೆಯಿಲ್ಲ. ೧೯೭೭ರಲ್ಲಿ ಮೂವರು ವಿದ್ವಾಂಸರು ರಚಿಸಿದ ಆರ್‌ಎಸ್‌ಎ ಎಂಬ ಗುಪ್ತಲಿಪಿಯಲ್ಲಿ ರಹಸ್ಯದ ಕೀಲಿಯನ್ನು ಕಂಡುಹಿಡಿಯುವುದು ಇಂಥದೇ ಸರಣಿಭಾಗಾಹಾರದಿಂದ.

ಮಾನ್ಯಖೇಟದ ವೈಭವವನ್ನು ವೇದಿಕೆಗಳ ಮೇಲೆ ಹೊಗಳುವವರಿಗೆ ಬರಗಾಲವಿಲ್ಲ. ದೇವಾಪುರದ ಬಾಲಕನೊಬ್ಬನು ಹಲಗೆಯ ಮೇಲೆ ವಲ್ಲಿಕೆಯನ್ನು ಬರೆದು ಶೇಷವನ್ನು ಕಳೆದರೆ, ಆಚಾರ್ಯರ ಋಣವು ಅದರಿಂದ ಹೆಚ್ಚು ತೀರುವುದು. ವಾಚಕ ಮಹಾಶಯರು ಇಂದು ರಾತ್ರಿ ಮನೆಯ ಮಕ್ಕಳನ್ನು ಕೇಳಿ ನೋಡಲಿ: ಸಮನಾಗಿ ತುಂಬಿದ ೧೭ ಬುಟ್ಟಿ ನಿಂಬೆಹಣ್ಣು, ಬಿಡಿಯಾಗಿ ೩, ೧೧ ಮನೆಗಳಿಗೆ ಉಳಿಕೆಯಿಲ್ಲದೆ ಸಮನಾಗಿ ಹಂಚಬೇಕು. ಬುಟ್ಟಿಯೊಂದರಲ್ಲಿ ಕಡಮೆಯೆಂದರೆ ಎಷ್ಟು ಹಣ್ಣಿರಬೇಕು?