ಮೋರಿಸ್ ಸ್ಟೋಕ್ಸ್: ಮೂರು ವರ್ಷದ ಆಟ, ಹನ್ನೆರಡು ವರ್ಷದ ಜೊತೆ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಕ್ರೀಡೆಯ ಬಗ್ಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದರು. ನಮ್ಮ ಶಾಲೆ ಗೆದ್ದ ಕಪ್ಪುಗಳ ಪಟ್ಟಿಯನ್ನೇ ಕೊಡಬಹುದಿತ್ತು. ಆದರೆ ಆ ಕಪ್ಪುಗಳು ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನಲ್ಲಿ ಎಲ್ಲರಿಗೂ ಕಾಣುತ್ತವೆ. ನಾನು ಈ ಶಾಲೆಯ ಹಳೆಯ ವಿದ್ಯಾರ್ಥಿ. ಮುಂದೆ ನಿವೃತ್ತಿಯವರೆಗೂ ಬೇರೆ ಬೇರೆ ಊರುಗಳಲ್ಲಿ ಪಿ.ಟಿ. ಮೇಷ್ಟ್ರಾಗಿ ಕೆಲಸ ಮಾಡಿದವನು. ಮಳೆ ಬಂದು ಮೈದಾನಕ್ಕೆ ಇಳಿಯಲಾಗದ ದಿನಗಳಲ್ಲಿ ತರಗತಿಯ ಮಕ್ಕಳಿಗೆ ಒಬ್ಬ ಆಟಗಾರನ ಕಥೆ ಹೇಳುತ್ತಿದ್ದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವರು ನಮ್ಮ ನಾಡಿನವರಲ್ಲ, ಅಮೆರಿಕದವರು. ಅವರ ಆಟವೂ ನಮ್ಮ ಕಬಡ್ಡಿ, ಖೊಖೊ ಅಲ್ಲ, ಬಾಸ್ಕೆಟ್‌ಬಾಲ್. ಆದರೂ ತಂಡ ಕಟ್ಟಿ ಆಡುವ ಯಾವ ಊರಿನವರಿಗಾದರೂ ಅವರ ಬದುಕಿನಲ್ಲಿ ತಿಳಿಯುವಂಥದ್ದು ಇದೆ ಎಂಬುದು ನನ್ನ ನಂಬಿಕೆ.

ಮೋರಿಸ್ ಸ್ಟೋಕ್ಸ್ ಹುಟ್ಟಿದ್ದು 1933ರ ಜೂನ್ 17ರಂದು, ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ನಗರದ ಪಕ್ಕದ ರ‍್ಯಾಂಕಿನ್ ಎಂಬ ಊರಿನಲ್ಲಿ. ತಂದೆ ಉಕ್ಕಿನ ಕಾರ್ಖಾನೆಯ ಕಾರ್ಮಿಕರು. ಕುಟುಂಬ ಕಪ್ಪು ಜನಾಂಗದ್ದು. ಆ ಕಾಲದ ಅಮೆರಿಕದಲ್ಲಿ ಕಪ್ಪು ಜನರಿಗೆ ಎಷ್ಟೋ ಬಾಗಿಲುಗಳು ಮುಚ್ಚಿದ್ದವು. ಸ್ಟೋಕ್ಸ್ ಓದಿದ್ದು ಪಿಟ್ಸ್‌ಬರ್ಗಿನ ವೆಸ್ಟಿಂಗ್‌ಹೌಸ್ ಹೈಸ್ಕೂಲಿನಲ್ಲಿ. ಅಲ್ಲಿ ಮೊದಮೊದಲು ಅವರು ತಂಡದ ಮುಖ್ಯ ಐವರಲ್ಲಿ ಇರಲಿಲ್ಲ, ಬೆಂಚಿನ ಮೇಲೆ ಕೂತು ಕಾಯುತ್ತಿದ್ದರು. ಕೊನೆಯ ಎರಡು ವರ್ಷಗಳಲ್ಲಿ ಮೇಲೆದ್ದರು. ಆ ಎರಡು ವರ್ಷವೂ ಶಾಲೆ ನಗರದ ಚಾಂಪಿಯನ್ ಆಯಿತು. ಹೋಬಳಿ ಮಟ್ಟದ ತಂಡಕ್ಕೆ ಆಯ್ಕೆಯಾಗಲಿಲ್ಲವೆಂದು ಮುಖ ಸಣ್ಣ ಮಾಡಿಕೊಂಡ ಹುಡುಗರಿಗೆ ನಾನು ಈ ಭಾಗವನ್ನು ಒತ್ತಿ ಹೇಳುತ್ತಿದ್ದೆ.

1951ರಲ್ಲಿ ಅವರು ಸೇರಿದ್ದು ದೊಡ್ಡ ವಿಶ್ವವಿದ್ಯಾಲಯವನ್ನಲ್ಲ. ಬೆಟ್ಟಗಳ ನಡುವಿನ ಲೊರೆಟ್ಟೊ ಎಂಬ ಸಣ್ಣ ಊರಿನಲ್ಲಿ, ಕ್ರೈಸ್ತ ಸನ್ಯಾಸಿಗಳು ನಡೆಸುತ್ತಿದ್ದ ಸೇಂಟ್ ಫ್ರಾನ್ಸಿಸ್ ಕಾಲೇಜನ್ನು. ಅಲ್ಲಿ ಇದ್ದದ್ದು ಕೆಲವೇ ನೂರು ವಿದ್ಯಾರ್ಥಿಗಳು. ಹೊರಗಿನವರು ಹೆಸರೇ ಕೇಳಿರದ ಆ ಕಾಲೇಜನ್ನು ನಾಲ್ಕು ವರ್ಷಗಳಲ್ಲಿ ದೇಶಕ್ಕೆ ಗೊತ್ತುಮಾಡಿದವರು ಸ್ಟೋಕ್ಸ್.

ಅವರ ಆಟದ ಬಗೆಯನ್ನು ಸ್ವಲ್ಪ ವಿವರಿಸಬೇಕು. ಬಾಸ್ಕೆಟ್‌ಬಾಲ್‌ನಲ್ಲಿ ಹತ್ತು ಅಡಿ ಎತ್ತರದ ರಿಂಗಿಗೆ ಚೆಂಡು ಹಾಕಿದವರ ಹೆಸರು ಎಲ್ಲರ ಬಾಯಲ್ಲೂ ಬರುತ್ತದೆ. ಆದರೆ ಎಸೆದ ಚೆಂಡುಗಳಲ್ಲಿ ಎಷ್ಟೋ ರಿಂಗಿಗೋ ಬೋರ್ಡಿಗೋ ತಾಗಿ ಹೊರಗೆ ಚಿಮ್ಮುತ್ತವೆ. ಅದನ್ನು ಹತ್ತು ಕೈಗಳ ನಡುವೆ ನೆಗೆದು ಹಿಡಿಯುವುದಕ್ಕೆ ರಿಬೌಂಡ್ ಎನ್ನುತ್ತಾರೆ. ಜೊತೆಗಾರ ಅಂಕ ಗಳಿಸುವಂತೆ ಚೆಂಡು ಒದಗಿಸುವುದಕ್ಕೆ ಅಸಿಸ್ಟ್ ಎನ್ನುತ್ತಾರೆ. ಸಾಮಾನ್ಯವಾಗಿ ಎತ್ತರದವರು ರಿಬೌಂಡ್ ಹಿಡಿಯುತ್ತಾರೆ, ಚುರುಕಾದ ಗಿಡ್ಡ ಆಟಗಾರರು ಚೆಂಡು ಒದಗಿಸುತ್ತಾರೆ. ಆರು ಅಡಿ ಏಳು ಇಂಚು ಎತ್ತರದ, ಕಟ್ಟುಮಸ್ತಾದ ಸ್ಟೋಕ್ಸ್ ಎರಡನ್ನೂ ಮಾಡುತ್ತಿದ್ದರು, ಅಂಕವನ್ನೂ ಗಳಿಸುತ್ತಿದ್ದರು.

1955ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಎನ್.ಐ.ಟಿ. ಎಂಬ ಕಾಲೇಜು ಪಂದ್ಯಾವಳಿ ನಡೆಯಿತು. ಆಗ ಅದು ದೇಶದ ದೊಡ್ಡ ಪಂದ್ಯಾವಳಿಗಳಲ್ಲಿ ಒಂದು. ಸೇಂಟ್ ಫ್ರಾನ್ಸಿಸ್ ಸೆಮಿಫೈನಲ್‌ವರೆಗೆ ಬಂದು, ಅಲ್ಲಿ ಡೇಟನ್ ತಂಡಕ್ಕೆ ಹೆಚ್ಚುವರಿ ಸಮಯದಲ್ಲಿ ಸೋತಿತು. ಮೂರನೇ ಸ್ಥಾನದ ಪಂದ್ಯದಲ್ಲಿ ಸಿನ್ಸಿನ್ನಾಟಿ ವಿಶ್ವವಿದ್ಯಾಲಯಕ್ಕೂ ಸೋತು ನಾಲ್ಕನೆಯದಾಯಿತು. ಆದರೂ ಪಂದ್ಯಾವಳಿಯ ಅತ್ಯುತ್ತಮ ಆಟಗಾರ ಪ್ರಶಸ್ತಿ ಗೆದ್ದ ತಂಡಕ್ಕೆ ಹೋಗಲಿಲ್ಲ, ನಾಲ್ಕನೇ ಸ್ಥಾನದ ತಂಡದ ಸ್ಟೋಕ್ಸ್‌ಗೆ ಬಂತು. ಸಿನ್ಸಿನ್ನಾಟಿ ತಂಡದಲ್ಲಿ ಆಡಿದ ಒಬ್ಬರ ಹೆಸರನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು: ಜ್ಯಾಕ್ ಟ್ವೈಮನ್. ಅವರೂ ಪಿಟ್ಸ್‌ಬರ್ಗಿನವರೇ. ಆದರೆ ಬಿಳಿಯ ಜನಾಂಗದವರು.

ಅದೇ ವರ್ಷ ರಾಚೆಸ್ಟರ್ ರಾಯಲ್ಸ್ ಎಂಬ ವೃತ್ತಿಪರ ತಂಡ ಇಬ್ಬರನ್ನೂ ಆರಿಸಿಕೊಂಡಿತು. ಎದುರಾಳಿಗಳಾಗಿದ್ದವರು ಜೊತೆಗಾರರಾದರು. ಸ್ಟೋಕ್ಸ್ ತಮ್ಮ ಮೊದಲ ಪಂದ್ಯದಲ್ಲೇ 32 ಅಂಕ, 20 ರಿಬೌಂಡ್, 8 ಅಸಿಸ್ಟ್ ಗಳಿಸಿದರು. ಆ ವರ್ಷದ ಅತ್ಯುತ್ತಮ ಹೊಸ ಆಟಗಾರ ಎನಿಸಿದರು. ಮರುವರ್ಷ 1,256 ರಿಬೌಂಡ್ ಹಿಡಿದು ಆವರೆಗಿನ ದಾಖಲೆ ಮುರಿದರು. 1957ರಲ್ಲಿ ತಂಡ ಸಿನ್ಸಿನ್ನಾಟಿ ನಗರಕ್ಕೆ ವರ್ಗವಾಯಿತು. ಅವರು ಆಡಿದ ಆ ಮೂರು ವರ್ಷಗಳಲ್ಲಿ ಇಡೀ ಲೀಗಿನಲ್ಲಿ ಅವರಿಗಿಂತ ಹೆಚ್ಚು ರಿಬೌಂಡ್ ಹಿಡಿದವರು ಯಾರೂ ಇರಲಿಲ್ಲ. ಚೆಂಡು ಒದಗಿಸುವುದರಲ್ಲಿ ಅವರಿಗಿಂತ ಮುಂದಿದ್ದವರು ಬಾಬ್ ಕೂಸಿ ಒಬ್ಬರೇ. ಮೂರು ವರ್ಷವೂ ಆಲ್ ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದರು.

1958ರ ಮಾರ್ಚ್ 12, ಮಿನಿಯಾಪೊಲಿಸ್ ನಗರದಲ್ಲಿ ಲೀಗಿನ ಕೊನೆಯ ಪಂದ್ಯ. ಸ್ಟೋಕ್ಸ್ ರಿಂಗಿನತ್ತ ನುಗ್ಗಿದಾಗ ಆಯತಪ್ಪಿ ಬಿದ್ದು, ತಲೆ ನೆಲಕ್ಕೆ ಬಡಿದು ಪ್ರಜ್ಞೆ ತಪ್ಪಿದರು. ಮೂಗಿಗೆ ಔಷಧಿ ಹಿಡಿದು ಎಬ್ಬಿಸಿದರು. ಎದ್ದು ಮತ್ತೆ ಆಡಿದರು. ಮೂರು ದಿನಗಳ ನಂತರ ಡೆಟ್ರಾಯಿಟ್‌ನಲ್ಲಿ ನಡೆದ ಪಂದ್ಯದಲ್ಲೂ ಆಡಿದರು. 12 ಅಂಕ, 15 ರಿಬೌಂಡ್. ಅಂದು ರಾತ್ರಿ ವಿಮಾನದಲ್ಲಿ ಹಿಂತಿರುಗುವಾಗ ಅಸ್ವಸ್ಥರಾಗಿ, ಫಿಟ್ಸ್ ಬಂದು, ಎಚ್ಚರ ತಪ್ಪಿದರು. ವಾರಗಟ್ಟಲೆ ಕೋಮಾದಲ್ಲಿದ್ದರು. ಎಚ್ಚರವಾದಾಗ ಕೈಕಾಲು ಆಡುತ್ತಿರಲಿಲ್ಲ, ಮಾತು ಹೊರಡುತ್ತಿರಲಿಲ್ಲ. ಬುದ್ಧಿ ಮಾತ್ರ ಮೊದಲಿನಂತೆಯೇ ಚುರುಕಾಗಿತ್ತು. ಆಗ ಅವರ ವಯಸ್ಸು 24.

ಆ ದಿನಗಳಲ್ಲಿ ಆಟಗಾರರಿಗೆ ಸರಿಯಾದ ವಿಮೆಯೂ ಇರಲಿಲ್ಲ, ಪಿಂಚಣಿಯೂ ಇರಲಿಲ್ಲ. ಆಸ್ಪತ್ರೆಯ ಖರ್ಚು ಬೆಳೆಯುತ್ತಿತ್ತು. ಬ್ಯಾಂಕಿನಲ್ಲಿದ್ದ ಸ್ವಂತ ಹಣ ತೆಗೆಯಬೇಕೆಂದರೂ ಸಹಿ ಹಾಕಲು ಸ್ಟೋಕ್ಸ್‌ಗೆ ಕೈ ಬರುತ್ತಿರಲಿಲ್ಲ. ತಂದೆ ತಾಯಿ ಇದ್ದದ್ದು ದೂರದ ಪಿಟ್ಸ್‌ಬರ್ಗಿನಲ್ಲಿ. ಆಗ ಮುಂದೆ ಬಂದವರು 23 ವರ್ಷದ ಜ್ಯಾಕ್ ಟ್ವೈಮನ್. ಅವರಿಗೂ ಹೆಂಡತಿ, ಸಂಸಾರ ಇತ್ತು. ಆದರೂ ನ್ಯಾಯಾಲಯದ ಮೂಲಕ ಸ್ಟೋಕ್ಸ್ ಅವರ ಕಾನೂನುಬದ್ಧ ಪೋಷಕರಾದರು. ದುಡಿಯುವಾಗ ಪೆಟ್ಟು ತಿಂದ ಕಾರ್ಮಿಕನಿಗೆ ಸಿಗುವ ಪರಿಹಾರ ಆಟಗಾರನಿಗೂ ಸಲ್ಲಬೇಕೆಂದು ಹೋರಾಡಿ ಅದನ್ನು ಕೊಡಿಸಿದರು. ಅದೂ ಸಾಲದೆ ಬಂದಾಗ ಹಣ ಕೂಡಿಸಲು ಒಂದು ಪ್ರದರ್ಶನ ಪಂದ್ಯ ಏರ್ಪಡಿಸಿದರು. ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿದ್ದ ಕುಟ್ಷರ್ಸ್ ಎಂಬ ಹೋಟೆಲಿನ ಮಾಲೀಕರು ಅದಕ್ಕೆ ಜಾಗ ಕೊಟ್ಟರು. ಪ್ರತಿ ಬೇಸಿಗೆಯಲ್ಲೂ ವಿಲ್ಟ್ ಚೇಂಬರ್ಲಿನ್ ಅವರಂಥ ದೊಡ್ಡ ಆಟಗಾರರು ಬಂದು ಆಡಿಹೋದರು.

ಬಿಳಿಯರೂ ಕಪ್ಪು ಜನರೂ ಒಂದೇ ಹೋಟೆಲಿನಲ್ಲಿ ಊಟ ಮಾಡಲು ಅಮೆರಿಕದ ಹಲವು ಕಡೆ ಅಡ್ಡಿಯಿದ್ದ ಕಾಲ ಅದು. ಅದನ್ನು ತಡೆಯುವ ನಾಗರಿಕ ಹಕ್ಕುಗಳ ಕಾಯಿದೆ ಬಂದದ್ದೇ 1964ರಲ್ಲಿ. ಅದಕ್ಕೂ ಆರು ವರ್ಷ ಮೊದಲು ಒಬ್ಬ ಬಿಳಿಯ ಯುವಕ, ರಕ್ತಸಂಬಂಧವಿಲ್ಲದ, ಬೇರೆ ಬಣ್ಣದ ಜೊತೆಗಾರನ ಹೊಣೆಯನ್ನು ಕಾಗದದ ಮೇಲೆ ಬರೆದುಕೊಟ್ಟು ಹೊತ್ತುಕೊಂಡರು. ಆಟವನ್ನೂ ಬಿಡಲಿಲ್ಲ. 1959–60ರಲ್ಲಿ ಟ್ವೈಮನ್ ಪಂದ್ಯಕ್ಕೆ ಸರಾಸರಿ 31.2 ಅಂಕ ಗಳಿಸಿದರು.

ಹಾಸಿಗೆಯಲ್ಲಿದ್ದ ಸ್ಟೋಕ್ಸ್ ಸುಮ್ಮನೆ ಮಲಗಿರಲಿಲ್ಲ ಎಂಬುದನ್ನು ಮರೆಯಬಾರದು. ಮೊದಲು ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತ ಹೋದರೆ ಬೇಕಾದ ಅಕ್ಷರಕ್ಕೆ ಕಣ್ಣು ಮಿಟುಕಿಸಿ ಮಾತು ತಿಳಿಸುತ್ತಿದ್ದರು. ದಿನವೂ ಗಂಟೆಗಟ್ಟಲೆ ವ್ಯಾಯಾಮ ಮಾಡಿ, ವರ್ಷಗಳ ನಂತರ ಬೆರಳಿನಿಂದ ಟೈಪ್‌ರೈಟರ್ ಒತ್ತುವಷ್ಟು ಚೇತರಿಸಿಕೊಂಡರು. ಮೊದಮೊದಲು ಟೈಪ್ ಮಾಡಿದ್ದರಲ್ಲಿ ಟ್ವೈಮನ್ ಅವರಿಗೆ ಕೃತಜ್ಞತೆ ಹೇಳುವ ಸಾಲೂ ಒಂದು. ಒಂದು ಪಂದ್ಯದಲ್ಲಿ 38 ರಿಬೌಂಡ್ ಹಿಡಿದ ಕೈಗೆ ಒಂದು ಅಕ್ಷರ ಒತ್ತುವುದು ಅದಕ್ಕಿಂತ ದೊಡ್ಡ ಸಾಧನೆಯಾಗಿತ್ತು.

1970ರ ಏಪ್ರಿಲ್ 6ರಂದು ಹೃದಯಾಘಾತದಿಂದ ಸ್ಟೋಕ್ಸ್ ತೀರಿಕೊಂಡರು. ವಯಸ್ಸು 36. ಅವರ ಇಚ್ಛೆಯಂತೆ ಅವರನ್ನು ಮಣ್ಣು ಮಾಡಿದ್ದು ಲೊರೆಟ್ಟೊದಲ್ಲಿ, ಅವರ ಕಾಲೇಜಿನ ಆವರಣದ ಸನ್ಯಾಸಿಗಳ ಸ್ಮಶಾನದಲ್ಲಿ. ದೇಶದ ದೊಡ್ಡ ನಗರಗಳಲ್ಲೆಲ್ಲ ಆಡಿದವರು ಕೊನೆಗೆ ಮರಳಿದ್ದು ತಾವು ಓದಿದ ಸಣ್ಣ ಊರಿನ ಕಾಲೇಜಿಗೆ. ಆ ಕಾಲೇಜಿನ ಕ್ರೀಡಾ ಭವನಕ್ಕೆ ಇಂದು ಅವರ ಹೆಸರಿದೆ. ಕಷ್ಟದಲ್ಲಿದ್ದ ಇತರ ಹಳೆಯ ಆಟಗಾರರಿಗಾಗಿ ಬೇಸಿಗೆಯ ಆ ಪಂದ್ಯ ಅವರು ತೀರಿಕೊಂಡ ಮೇಲೂ ನಡೆಯಿತು. 2004ರಲ್ಲಿ ಸ್ಟೋಕ್ಸ್ ಅವರಿಗೆ ಬಾಸ್ಕೆಟ್‌ಬಾಲ್‌ನ ಹಾಲ್ ಆಫ್ ಫೇಮ್ ಗೌರವ ಬಂದಾಗ ಅವರ ಪರವಾಗಿ ಅದನ್ನು ಸ್ವೀಕರಿಸಿದವರು ಎಪ್ಪತ್ತರ ವಯಸ್ಸಿನ ಟ್ವೈಮನ್. ಅವರು 2012ರಲ್ಲಿ ನಿಧನರಾದರು. ಮರುವರ್ಷದಿಂದ ಎನ್.ಬಿ.ಎ. ಲೀಗು ಅತ್ಯುತ್ತಮ ಜೊತೆಗಾರನಿಗೆಂದು ಒಂದು ಪ್ರಶಸ್ತಿ ಕೊಡುತ್ತಿದೆ. ಅದರಲ್ಲಿ ಇಬ್ಬರ ಹೆಸರೂ ಒಟ್ಟಿಗೆ ಇದೆ.

ಇದರಿಂದ ನಾನು ಮಕ್ಕಳಿಗೆ ಎರಡು ಮಾತು ಹೇಳುತ್ತಿದ್ದೆ. ಈಗ ನಮ್ಮ ಶಾಲೆಯ ಶಿಕ್ಷಕರಿಗೂ ಊರಿನ ಯುವಕ ಸಂಘದವರಿಗೂ ಅದನ್ನೇ ಹೇಳುತ್ತೇನೆ. ಮೊದಲನೆಯದು, ಆಟದಲ್ಲಿ ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದ, ತಲೆಸುತ್ತಿದ, ಮಾತು ತೊದಲಿದ ಹುಡುಗನನ್ನು ಮುಖಕ್ಕೆ ನೀರು ಚಿಮುಕಿಸಿ ಮತ್ತೆ ಅಂಕಣಕ್ಕೆ ಕಳಿಸಬೇಡಿ. ಆ ದಿನ ಅವನ ಆಟ ಮುಗಿಯಿತು, ವೈದ್ಯರಿಗೆ ತೋರಿಸಿ. ಕಬಡ್ಡಿಯ ಗಟ್ಟಿ ನೆಲಕ್ಕೂ ಈ ಮಾತು ಸಲ್ಲುತ್ತದೆ. ಯಾವ ಕಪ್ಪೂ ಒಂದು ತಲೆಗಿಂತ ದೊಡ್ಡದಲ್ಲ.

ಎರಡನೆಯದು ಹಳೆಯ ವಿದ್ಯಾರ್ಥಿಗಳಿಗೆ. ಸ್ಟೋಕ್ಸ್ ಮತ್ತು ಟ್ವೈಮನ್ ಒಂದೇ ತಂಡದಲ್ಲಿ ಆಡಿದ್ದು ಮೂರೇ ವರ್ಷ. ನಾವೂ ಈ ಶಾಲೆಯಲ್ಲಿ ಒಟ್ಟಿಗೆ ಕೂತದ್ದು ಮೂರೇ ವರ್ಷ. ಐವತ್ತು ವರ್ಷಗಳ ಬ್ಯಾಚುಗಳಲ್ಲಿ ಹಾಸಿಗೆ ಹಿಡಿದವರು, ದುಡಿಮೆ ನಿಂತವರು, ಮಕ್ಕಳ ಫೀಸಿಗೆ ಪರದಾಡುವವರು ಇದ್ದೇ ಇರುತ್ತಾರೆ. ಮಹೋತ್ಸವದ ಪೆಂಡಾಲು ಬಿಚ್ಚುವ ಮೊದಲು ಪ್ರತಿ ಬ್ಯಾಚಿನವರೂ ಹಾಜರಿ ಪಟ್ಟಿ ಹಿಡಿದು, ಸಭೆಗೆ ಬಾರದವರು ಯಾರು, ಏಕೆ ಬರಲಿಲ್ಲ ಎಂದು ವಿಚಾರಿಸಿ, ಅವರ ಮನೆಗೆ ಹೋಗಿಬನ್ನಿ.