ಹಳ್ಳಿಯವರ ಹೆಸರು ಹೊತ್ತ ಕಲ್ಲುಗಳು

ಹೊರದೇಶದಲ್ಲಿ ಬೆಳೆಯುತ್ತಿರುವ ಮಕ್ಕಳೇ, ನೀವಿರುವ ಊರಿನ ಹಳೆಯ ಚರ್ಚಿನ ಪಕ್ಕದಲ್ಲಿ ಸಾಲಾಗಿ ನಿಂತ ಸಮಾಧಿಕಲ್ಲುಗಳನ್ನು ನೋಡಿರುತ್ತೀರಿ. ಸತ್ತವರು ಯಾರು, ಯಾವ ವರ್ಷ ಹುಟ್ಟಿದವರು, ಯಾರ ಮಗ, ಯಾರ ಹೆಂಡತಿ ಎಂದು ಅಲ್ಲಿ ಬರೆದಿರುತ್ತದೆ. ನಮ್ಮ ಹಳ್ಳಿಗಳಲ್ಲಿ ಅಂಥದ್ದು ಇಲ್ಲ, ನಮಗೆ ಉಳಿದಿರುವುದು ರಾಜರ ಕಥೆ ಮಾತ್ರ ಎಂದು ದೊಡ್ಡವರು ಹೇಳುವುದನ್ನೂ ಕೇಳಿರಬಹುದು. ಆ ಮಾತನ್ನು ನಾನು ಒಪ್ಪುವುದಿಲ್ಲ. ಶಿವಮೊಗ್ಗದ ರವೀಂದ್ರನಗರದಿಂದ ಶಿಕಾರಿಪುರ, ಸೊರಬ, ಸಾಗರದ ಕಡೆಗೆ ಹೊರಟರೆ ದೇವಸ್ಥಾನದ ಅಂಗಳದಲ್ಲೋ, ಕೆರೆ ಏರಿಯ ಮೇಲೋ, ಗದ್ದೆಯ ಬದುವಿನಲ್ಲೋ ಕೆತ್ತನೆಯ ಕಲ್ಲುಗಳು ಎದುರಾಗುತ್ತವೆ. ಕಾಳಗದಲ್ಲಿ ಸತ್ತವರದು ವೀರಗಲ್ಲು, ಗಂಡನ ಜೊತೆ ಬೆಂಕಿಗೆ ಬಿದ್ದವರದು ಮಾಸ್ತಿಕಲ್ಲು, ವ್ರತ ಹಿಡಿದು ಪ್ರಾಣ ಬಿಟ್ಟ ಜೈನರದು ನಿಸಿದಿಗಲ್ಲು. ನಮ್ಮ ಹಳ್ಳಿಯ ಜನರ ಚರಿತ್ರೆ ಇರುವುದು ಅಲ್ಲಿ. ನಿಮಗೆ ನಾಡಿನ ಇತಿಹಾಸ ಹೇಳಿಕೊಡುವವರು ಅರಮನೆಗಿಂತ ಮೊದಲು ಆ ಕಲ್ಲುಗಳ ಹತ್ತಿರ ನಿಮ್ಮನ್ನು ಕರೆದೊಯ್ಯಬೇಕು ಎಂಬುದು ನನ್ನ ವಾದ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಆವರಣದಲ್ಲಿ ಕೆಲವು ಕಲ್ಲುಗಳನ್ನು ತಂದು ನಿಲ್ಲಿಸಿದ್ದಾರೆ, ಅಲ್ಲೇ ಅಭ್ಯಾಸ ಮಾಡಬಹುದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲನ್ನೋ ಕತ್ತಿ ಗುರಾಣಿಯನ್ನೋ ಹಿಡಿದ ವೀರ, ಎದುರಿಗೆ ವೈರಿಗಳು. ತುರುಗಳಿಗಾಗಿ ನಡೆದ ಹೋರಾಟವಾದರೆ ಹಿಂದೆ ದನಗಳ ಸಾಲು. ನಡುವಿನ ಪಟ್ಟಿಕೆಯಲ್ಲಿ ಚಾಮರ ಹಿಡಿದ ಅಪ್ಸರೆಯರು ಅವನನ್ನು ಎರಡೂ ಕಡೆಯಿಂದ ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಶಿವಲಿಂಗ, ನಂದಿ, ಪೂಜೆ ಮಾಡುವವನು, ತುದಿಯಲ್ಲಿ ಸೂರ್ಯ ಚಂದ್ರ. ಪಟ್ಟಿಕೆಗಳ ನಡುವಿನ ಕಿರಿದಾದ ಜಾಗದಲ್ಲಿ ಬರಹವಿರುತ್ತದೆ: ಯಾರ ಆಳ್ವಿಕೆ, ಯಾವ ಊರಿಗೆ ಏನಾಯಿತು, ಸತ್ತವನ ಹೆಸರೇನು, ಕಲ್ಲು ನಿಲ್ಲಿಸಿದವರು ಯಾರು. ಸತ್ತವನ ಮನೆಯವರಿಗೆ ಜಮೀನು ಬಿಟ್ಟುಕೊಟ್ಟಿದ್ದರೆ ಅದೂ ದಾಖಲಾಗುತ್ತದೆ. ಅದಕ್ಕೆ ನೆತ್ತರುಗೊಡಗೆ ಎನ್ನುತ್ತಿದ್ದರು. ದುಡಿಯುವವನನ್ನು ಕಳೆದುಕೊಂಡ ಮನೆಗೆ ಒಂದು ತುಂಡು ಗದ್ದೆ ಎಷ್ಟು ದೊಡ್ಡ ಆಸರೆಯೆಂದು ಹಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ.

ಈ ಕಲ್ಲುಗಳು ಎಷ್ಟು ಮುಖ್ಯವೆಂಬುದಕ್ಕೆ ಸಾಗರ ತಾಲ್ಲೂಕಿನ ಗದ್ದೆಮನೆಯ ವೀರಗಲ್ಲೇ ಸಾಕ್ಷಿ. ಅದರಲ್ಲಿ ಶಿಲಾದಿತ್ಯನೆಂಬ ದೊರೆಯ ಹೆಸರು ಬರುತ್ತದೆ. ಕನೌಜಿನ ಹರ್ಷವರ್ಧನನೇ ಇವನು ಎಂದು ಕೆಲವು ವಿದ್ವಾಂಸರು, ಬೇರೊಬ್ಬ ಅರಸ ಎಂದು ಇನ್ನು ಕೆಲವರು. ಆ ಚರ್ಚೆ ಇನ್ನೂ ಮುಗಿದಿಲ್ಲ. ಕಾಳಗದಲ್ಲಿ ಬಿದ್ದ ಪೆಟ್ಟಣಿ ಸತ್ಯಾಂಕನ ವಿಷಯದಲ್ಲಿ ಮಾತ್ರ ಯಾರಿಗೂ ಗೊಂದಲವಿಲ್ಲ, ಕಲ್ಲು ನಿಂತದ್ದೇ ಅವನಿಗಾಗಿ.

ಇದಕ್ಕಿಂತ ನನಗೆ ಹೆಚ್ಚು ಪ್ರಿಯವಾದದ್ದು ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನದ ಕಲ್ಲು. ಈಗ ಬಂದಳಿಕೆ ಜನವಿಲ್ಲದ ಹಾಳೂರು. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಇಮ್ಮಡಿ ಕೃಷ್ಣನ ಕಾಲದಲ್ಲಿ, ನಾಗರಖಂಡ ಎಂಬ ನಾಡಿಗೆ ಸತ್ತರಸ ನಾಗಾರ್ಜುನ ನಾಳ್ಗಾವುಂಡನಾಗಿದ್ದ, ಎಂದರೆ ಆ ನಾಡಿನ ಮುಖ್ಯಸ್ಥ. ಅವನು ತೀರಿಕೊಂಡಾಗ ಆ ಅಧಿಕಾರವನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟರು. ಅವಳು ಹೆಸರಿಗಷ್ಟೇ ಕೂತವಳಲ್ಲ. ಆಡಳಿತದಲ್ಲಿ ಸಮರ್ಥೆ, ಜಿನಭಕ್ತೆ ಎಂದು ಶಾಸನ ಅವಳನ್ನು ಹೊಗಳುತ್ತದೆ. ಕೊನೆಗೆ ಕಾಯಿಲೆ ಬಿದ್ದಾಗ ಹೊಣೆಯನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ, ಎಂದರೆ ಜೈನ ದೇಗುಲದಲ್ಲಿ, ಆಹಾರ ತೊರೆಯುವ ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟಳು. ಹೆಣ್ಣುಮಕ್ಕಳಿಗೆ ಆಗ ಅಧಿಕಾರವೇ ಇರಲಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವವರ ಮುಂದೆ, ಸಾವಿರ ವರ್ಷಕ್ಕೂ ಹಳೆಯ ಈ ಕಲ್ಲನ್ನು ಇಡಬಹುದು. ತಾಯಿಯಿಂದ ಮಗಳಿಗೆ ಅಧಿಕಾರ ಹೋದದ್ದನ್ನು ಅದು ಯಾವ ಬೆರಗೂ ಇಲ್ಲದೆ ಹೇಳುತ್ತದೆ.

ಆದರೆ ಇವು ಸಮಾಧಿಗಳೇ ಅಲ್ಲವಲ್ಲ, ಕೆಳಗೆ ದೇಹವೇ ಇಲ್ಲವಲ್ಲ ಎಂದು ಕೇಳಬಹುದು. ನಿಜ, ಬಹುಪಾಲು ವೀರಗಲ್ಲುಗಳ ಕೆಳಗೆ ಯಾರನ್ನೂ ಹೂಳಿಲ್ಲ. ಸತ್ತವರನ್ನು ಊರು ನೆನಪಿಟ್ಟುಕೊಳ್ಳುವ ಜಾಗವೇ ಸ್ಮಶಾನದ ಅರ್ಥವಾದರೆ, ದೇಹವಿಲ್ಲದಿದ್ದರೂ ಇವು ಆ ಕೆಲಸ ಮಾಡುತ್ತವೆ. ಸತ್ತ ಕಾರಣವನ್ನೂ ಹೇಳುವುದರಿಂದ ಒಂದು ಕೈ ಮೇಲೆಂದೇ ಹೇಳಬೇಕು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು 949–50ರದು. ಕಾಡುಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯನ್ನು ಅದು ನೆನೆಯುತ್ತದೆ. ಅದರ ಒಡೆಯ ಮಣಲೇರ ನಾಯಿಗಾಗಿ ಕಲ್ಲು ನಿಲ್ಲಿಸಿ, ಪೂಜೆಗೆ ಜಮೀನನ್ನೂ ಬಿಡಿಸಿದ. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ನೀವು ತಪ್ಪದೆ ನೋಡಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಇನ್ನೊಂದಿದೆ. ಕಾಳಗದಲ್ಲಿ ಸಾಯುವುದನ್ನೂ ಗಂಡನ ಜೊತೆ ಬೆಂಕಿಗೆ ಬೀಳುವುದನ್ನೂ ಹೊಗಳುವ ಕಲ್ಲುಗಳನ್ನು ಮಕ್ಕಳಿಗೇಕೆ ತೋರಿಸಬೇಕು? ಬಾಗಿದ ತೋಳು, ತುಂಬು ಬಳೆ, ಬೆರಳ ನಡುವೆ ನಿಂಬೆಹಣ್ಣಿರುವ ಮಾಸ್ತಿಕಲ್ಲನ್ನು ಚೆಂದದ ಶಿಲ್ಪವೆಂದಷ್ಟೇ ತೋರಿಸಿದರೆ ಅದು ಖಂಡಿತ ತಪ್ಪು. ಆದರೆ ಬಚ್ಚಿಟ್ಟರೆ ಆ ಹೆಣ್ಣಿಗೆ ಇನ್ನೊಮ್ಮೆ ಅನ್ಯಾಯ ಮಾಡಿದ ಹಾಗೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಶಾಸನವಿದೆ. ದೇಕಬ್ಬೆ ಎಂಬವಳು ಗಂಡ ಸತ್ತ ಮೇಲೆ ಬೆಂಕಿಗೆ ಬೀಳಲು ಹೊರಟಾಗ ಹೆತ್ತವರು ಬೇಡವೆಂದು ಅಂಗಲಾಚಿದ್ದನ್ನು ಅದೇ ಶಾಸನ ದಾಖಲಿಸಿದೆ. ಹೊಗಳುವ ಕಲ್ಲಿನಲ್ಲೇ ತಡೆದವರ ದನಿಯೂ ಉಳಿದಿದೆ. ಮಕ್ಕಳು ಎರಡನ್ನೂ ಓದಲಿ. ಓದಿ ಸಿಟ್ಟು ಬಂದರೆ ಬರಲಿ.

ಕಲ್ಲು ನಿಲ್ಲಿಸಲು ಶಕ್ತಿಯಿಲ್ಲದವರ ಗತಿಯೇನು ಎಂಬ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಅಂಥವರು ಈ ಸಾಲಿನಲ್ಲೂ ಇಲ್ಲ. ಶಾಸನತಜ್ಞ ಬಿ.ಎಲ್. ರೈಸ್ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು 1902 ಮತ್ತು 1904ರಲ್ಲಿ ಎರಡು ದೊಡ್ಡ ಸಂಪುಟಗಳಾಗಿ ಪ್ರಕಟಿಸಿದರು. ಆದರೆ ಅವು ಅಕ್ಷರವಿರುವ ಕಲ್ಲುಗಳ ಸಂಪುಟಗಳು. ಅಕ್ಷರವೇ ಇಲ್ಲದ ಕಲ್ಲುಗಳು ಬಟ್ಟೆ ಒಗೆಯುವ ಹಾಸಾಗಿ, ಮೆಟ್ಟಿಲಾಗಿ ಹೋಗಿರುವುದೂ ಉಂಟು. ರಜೆಗೆ ಅಜ್ಜಿಯ ಊರಿಗೆ ಬಂದಾಗ ನೀವು ಮಾಡಬಹುದಾದ ಕೆಲಸ ಇಲ್ಲಿದೆ. ಕಲ್ಲೊಂದು ಕಂಡರೆ ಊರು, ಕೇರಿ, ಅದು ನಿಂತ ಜಾಗವನ್ನು ಬರೆದುಕೊಳ್ಳಿ, ಅಜ್ಜಿ ಅದಕ್ಕೆ ಏನೆಂದು ಕರೆಯುತ್ತಾರೆ ಎಂದು ಕೇಳಿ. ಫೋಟೋವನ್ನು ಬೆಳಿಗ್ಗೆ ಬೇಗ ಅಥವಾ ಸಂಜೆ ತೆಗೆಯಿರಿ, ಓರೆ ಬಿಸಿಲಿನಲ್ಲಿ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಪಾಚಿಯನ್ನು ಮಾತ್ರ ಚಾಕುವಿನಿಂದ ಕೆರೆಯಬೇಡಿ.