ಪಂಡಿತ ಪಂಚಾಕ್ಷರಿ ಗವಾಯಿಗಳು (1892–1944)

ಪಂಚಾಕ್ಷರಿ ಗವಾಯಿಗಳು ಶಿರಸಿಗೆ ನೆರೆಯ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದರು. ಅವರ ಮೊದಲ ಹೆಸರು ಗದಿಗೆಯ್ಯ. ಅವರೂ ಅವರ ಅಣ್ಣನೂ ದೃಷ್ಟಿಹೀನರಾಗಿದ್ದರು. ಸಹೋದರರ ಕಂಠಸಿರಿಯನ್ನು ಗುರುತಿಸಿದ ಹಾನಗಲ್ಲ ಕುಮಾರ ಸ್ವಾಮಿಗಳು ಅವರ ಸಂಗೀತ ಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಗವಾಯಿಗಳು ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ ನೀಲಕಂಠಬುವಾ ಮಿರಜಕರ್ ಅವರಲ್ಲಿ ಹಿಂದೂಸ್ತಾನಿ ಸಂಗೀತವನ್ನೂ ಅಭ್ಯಸಿಸಿ ಉಭಯ ಪದ್ಧತಿಗಳಲ್ಲಿ ಪಾರಂಗತರಾದರು.

ಅಂಧ ಹಾಗೂ ಬಡ ಮಕ್ಕಳಿಗೆ ಅನ್ನ, ಆಶ್ರಯ, ವಿದ್ಯೆ ನೀಡುವುದು ಅವರ ಜೀವನವ್ರತವಾಯಿತು. ಸ್ಥಿರ ನೆಲೆಯಿಲ್ಲದ ಕಾಲದಲ್ಲಿ ಶಿಷ್ಯರೊಡನೆ ಊರೂರು ಸಂಚರಿಸುತ್ತಲೇ ಪಾಠ ಹೇಳಿದರು. ಆ ಸಂಚಾರಿ ಪಾಠಶಾಲೆಯು ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಗೊಂಡಿತು. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದ ಬಳಿಕ, ಸ್ವತಃ ಅಂಧರಾದ ಶಿಷ್ಯ ಪುಟ್ಟರಾಜ ಗವಾಯಿಗಳು 2010ರವರೆಗೆ ಆಶ್ರಮವನ್ನು ಮುನ್ನಡೆಸಿದರು.

ಅಂದು ಗುರುಕೃಪೆಯಿಂದ ಮಾತ್ರ ದೊರೆಯುತ್ತಿದ್ದ ಈ ಶಿಕ್ಷಣವು ಇಂದು ಹಕ್ಕಾಗಿದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದನ್ವಯ, ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳು ಉಚಿತ ಶಿಕ್ಷಣಕ್ಕೆ ಅರ್ಹರಾಗಿರುತ್ತಾರೆ. ಪುಸ್ತಕ, ಕಲಿಕಾ ಸಾಮಗ್ರಿ ಹಾಗೂ ಸಾಧನ ಸಲಕರಣೆಗಳನ್ನು 18 ವರ್ಷದವರೆಗೆ ಉಚಿತವಾಗಿ ಒದಗಿಸಲು ಅವಕಾಶವಿರುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಪಾಲಕರು ಆಯಾ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರವನ್ನು ಸಂಪರ್ಕಿಸಬಹುದು.